ಪುಣೆಯಲ್ಲಿರುವ ತಮ್ಮನಿಗೆ ಬ್ರೌನ್ ಶುಗರ್ ಚಟ. ಎಂಥ ಚಿಕಿತ್ಸೆ ಆರಿಸಬೇಕು?

ಕೇಂದ್ರದ ಹೆಸರಿಗಿಂತ ಮೊದಲು ಇದನ್ನು ಕೇಳಿ: ಅಲ್ಲಿ ಮನೋವೈದ್ಯರು ಇದ್ದಾರಾ? ಹೆರಾಯಿನ್ ಹಂಬಲ ತಗ್ಗಿಸುವ ಬ್ಯುಪ್ರಿನಾರ್ಫಿನ್ ಮಾತ್ರೆ ಕೊಡುತ್ತಾರಾ? ಬ್ರೌನ್ ಶುಗರ್ ಅಂದರೆ ಹೆರಾಯಿನ್ನೇ. ಹತ್ತು ದಿನ ಇಟ್ಟುಕೊಂಡು ನಶೆ ಇಳಿಸಿ ಕಳಿಸಿದರೆ ಸಾಲದು. ಅಷ್ಟರಲ್ಲಿ ಆ ನಶೆಯನ್ನು ತಾಳುವ ಮೈಯ ಶಕ್ತಿ ಇಳಿದಿರುತ್ತದೆ. ಮತ್ತೆ ಹಳೆಯಷ್ಟೇ ತೆಗೆದುಕೊಂಡರೆ ಜೀವವೇ ಹೋಗಬಹುದು. ಹಾಗಾಗಿ ಮಾತ್ರೆ ಹಲವು ತಿಂಗಳು ನಡೆದರೂ ಸುಮ್ನೆ ನಿಲ್ಲಿಸಬೇಡಿ, ವೈದ್ಯರು ಹೇಳಲಿ.

ಪುಣೆಯಲ್ಲಿ 1986ರಿಂದ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಇದೆ, ಹೋಗಿ ನೋಡಿ. ಮಾತಿನ ಭಾಷೆಯೂ ಮುಖ್ಯ. ನಮ್ಮ ವಠಾರದ ಹುಡುಗ ಚಿಕಿತ್ಸೆಗೆ ಹೋಗಿ ಮರಾಠಿ ಮಾತಾಡುವ ಗುಂಪಿನಲ್ಲಿ ಮೂರು ವಾರ ಉಗುರು ಕಚ್ಚುತ್ತಾ ಕೂತಿದ್ದ. ಅಕ್ಕ ಬಂದು ಕನ್ನಡದಲ್ಲಿ ಕೇಳಿದ ದಿನ ಬಾಯಿಬಿಟ್ಟ.

ಕಟ್ಟಿಹಾಕುವ, ಮನೆಯವರನ್ನು ಒಳಗೆ ಬಿಡದ ಜಾಗ ಬೇಡವೇ ಬೇಡ. 14446 ಸರ್ಕಾರಿ ಸಹಾಯವಾಣಿ, ಇವತ್ತೇ ಫೋನ್ ಮಾಡಿ.