ರನ್ನನ ದುರ್ಯೋಧನನನ್ನು ಕುರಿತು ಬರೆಯುವಾಗ ಕಥಾಸಾರದಿಂದ ಪಾತ್ರವಿಶ್ಲೇಷಣೆಗೆ ದಾಟುವುದು ಹೇಗೆ?

ರನ್ನನ ‘ಗದಾಯುದ್ಧ’ದ ದುರ್ಯೋಧನನ ಮೇಲೆ ಬಿ.ಎ. ತರಗತಿಗೆ ನೀವು ಬರೆದ ಪ್ರಬಂಧವನ್ನು ನೋಡಿ, ಇದು ಕಥಾಸಾರವಾಯಿತು, ವಿಶ್ಲೇಷಣೆ ಎಲ್ಲಿದೆ ಎಂದು ಅಧ್ಯಾಪಕರು ಕೇಳಿದರೆಂದು ಬರೆದಿದ್ದೀರಿ. ಅವನನ್ನು ನಾಯಕನೆನ್ನಬೇಕೋ ಖಳನೆನ್ನಬೇಕೋ ಎಂಬುದೂ ನಿಮಗೆ ಬಗೆಹರಿದಿಲ್ಲ. ಪದವಿ ತರಗತಿಗಳಲ್ಲಿ ಹಳಗನ್ನಡ ಕಾವ್ಯವನ್ನು ಪಾಠ ಮಾಡುವ ನನಗೆ ಈ ಎರಡು ತೊಡಕುಗಳ ಬೇರು ಒಂದೇ ಎನಿಸುತ್ತದೆ. ಮಹಾಭಾರತದ ದುರ್ಯೋಧನ ಎಂಥವನು ಎಂಬುದು ನಮಗೆ ಚಿಕ್ಕಂದಿನಿಂದಲೇ ಗೊತ್ತಿರುವುದರಿಂದ, ಆ ಗೊತ್ತಿರುವ ಮನುಷ್ಯನ ಬಗ್ಗೆ ಬರೆಯತೊಡಗುತ್ತೇವೆ. ರನ್ನನೆಂಬ ಕವಿ ಅವನನ್ನು ಯಾವ ಹೊತ್ತಿನಲ್ಲಿ, ಯಾರ ಎದುರಿಗೆ, ಯಾವ ಮಾತನಾಡಿಸಿ ತೋರಿಸಿದ್ದಾನೆ ಎಂಬುದನ್ನು ಬಿಟ್ಟುಬಿಡುತ್ತೇವೆ. ಪಾತ್ರವಿಶ್ಲೇಷಣೆ ಎಂದರೆ ಬಿಟ್ಟುಹೋದ ಈ ಭಾಗವೇ.

ಮೊದಲು ಕಾವ್ಯದ ಜೋಡಣೆಯನ್ನು ಗಮನಿಸಿ. ರನ್ನ ತಾನು ಸಿಂಹಾವಲೋಕನ ಕ್ರಮದಲ್ಲಿ ಕಥೆ ಹೇಳುವುದಾಗಿ ಸೂಚಿಸುತ್ತಾನೆ. ಯುದ್ಧ ಮುಗಿಯುತ್ತ ಬಂದ ಹೊತ್ತಿನಲ್ಲಿ ನಿಂತು, ಅಲ್ಲಿಂದ ಹಿಂದಿನದೆಲ್ಲವನ್ನೂ ತಿರುಗಿ ನೋಡುವ ಕ್ರಮ ಅದು. ಹತ್ತು ಆಶ್ವಾಸಗಳ, ಅಂದರೆ ಅಧ್ಯಾಯಗಳ, ಈ ಕಾವ್ಯ ತೆರೆದುಕೊಳ್ಳುವಾಗ ದ್ರೋಣನಿಲ್ಲ, ಕರ್ಣನಿಲ್ಲ, ದುಶ್ಶಾಸನನಿಲ್ಲ. ಅರಗಿನ ಮನೆ, ಜೂಜು, ದ್ರೌಪದಿಯ ಮುಡಿಗೆ ಕೈಯಿಕ್ಕಿದ್ದು ಇವೊಂದೂ ನಮ್ಮ ಕಣ್ಣೆದುರಿಗೆ ನಡೆಯುವುದಿಲ್ಲ. ಭೀಮ ಮತ್ತು ದ್ರೌಪದಿಯರ ನೆನಪಿನಲ್ಲಿ, ಅವರ ಸಿಟ್ಟಿನ ಮಾತಿನಲ್ಲಿ ಬರುತ್ತವೆ. ಕಣ್ಣೆದುರಿಗೆ ನಡೆಯುವುದು ದುರ್ಯೋಧನನ ಶೋಕ. ಅಂದರೆ ಅವನ ಅಪರಾಧವನ್ನು ನಾವು ಕೇಳಿ ತಿಳಿಯುತ್ತೇವೆ, ಅವನ ದುಃಖವನ್ನು ಕಂಡು ತಿಳಿಯುತ್ತೇವೆ. ಓದುಗನ ಮರುಕ ಅವನ ಕಡೆಗೆ ಹರಿಯುವುದಕ್ಕೆ ಮುಖ್ಯ ಕಾರಣ ಈ ಜೋಡಣೆ ಎಂಬುದು ನನ್ನ ಅಭಿಪ್ರಾಯ. ಇಂಥ ಒಂದು ವಾದವಾಕ್ಯ ನಿಮ್ಮ ಪ್ರಬಂಧದ ಮೊದಲ ಪುಟದಲ್ಲಿ ಕಾಣಿಸಿಕೊಂಡರೆ, ಮುಂದೆ ನೀವು ಉದಾಹರಿಸುವ ಪ್ರತಿಯೊಂದು ಪದ್ಯವೂ ಅದಕ್ಕೆ ಸಾಕ್ಷಿಯಾಗಿ ಬರುತ್ತದೆ, ಕಥೆಯ ಮುಂದಿನ ಕಂತಾಗಿ ಅಲ್ಲ.

ಕಥೆಯನ್ನೆಲ್ಲ ಹೇಳುವ ಬದಲು ಒಂದು ಸನ್ನಿವೇಶವನ್ನು ಹಿಡಿದು ನಿಲ್ಲಿ. ನಾನಾದರೆ ಸಂಜಯನೊಡನೆ ದುರ್ಯೋಧನ ರಣರಂಗದಲ್ಲಿ ನಡೆದುಬರುವ ಭಾಗವನ್ನೇ ಆರಿಸಿಕೊಳ್ಳುತ್ತೇನೆ. ಹೆಣಗಳ ನಡುವೆ ಅವನಿಗೆ ದ್ರೋಣ ಸಿಗುತ್ತಾನೆ, ಅಭಿಮನ್ಯು ಸಿಗುತ್ತಾನೆ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಸಿಗುತ್ತಾರೆ. ಒಂದೊಂದು ಹೆಣದ ಮುಂದೆಯೂ ಅವನು ಬೇರೆ ಬೇರೆ ಮನುಷ್ಯನಾಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಮರಣ ನಮಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ‘ನಿಜಸಾಹಸೈಕದೇಶಾನುಮರಣಮೆಮಗಕ್ಕೆ’ ಎಂಬುದು ಅವನ ಮಾತು. ಗಮನಿಸಿ, ಅಲ್ಲಿ ಅವನು ಬೇಡುವುದು ಗೆಲುವನ್ನಲ್ಲ, ಒಳ್ಳೆಯ ಸಾವನ್ನು. ಮಗನ ಮುಂದೆ ತಂದೆಯಾಗಿ, ‘ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ’ ಎಂದು ಆರಂಭಿಸಿ, ತಂದೆಗೆ ಮಗ ತರ್ಪಣ ಕೊಡಬೇಕಾದಲ್ಲಿ ನಾನು ನಿನಗೆ ಕೊಡುವಂತಾಯಿತೇ, ಹೀಗೆ ಕ್ರಮವನ್ನು ತಲೆಕೆಳಗು ಮಾಡಬಹುದೇ ಎಂದು ಮಗನನ್ನೇ ಕೇಳುತ್ತಾನೆ. ದುಶ್ಶಾಸನನ ಮುಂದೆ ಅಣ್ಣನಾಗುತ್ತಾನೆ. ‘ಜನನೀಸ್ತನ್ಯಮನುಂಡೆನಾಂ ಬಳಿಕೆ ನೀಂ’ ಎಂದು ತಾಯ ಹಾಲಿನಿಂದಲೇ ನೆನಪು ಶುರುವಾಗುತ್ತದೆ: ಎಲ್ಲದರಲ್ಲಿಯೂ ನಾನು ಮೊದಲು, ನೀನು ಆಮೇಲೆ, ಚಿಕ್ಕಂದಿನಿಂದ ಎಲ್ಲಿಯೂ ನೀನು ವಿನಯ ಮೀರಲಿಲ್ಲ, ಸಾವಿನಲ್ಲಿ ಮಾತ್ರ ‘ಎನ್ನಿಂದೆ ನೀಂ ಮುಂಚಿದಯ್’.

ಪರೀಕ್ಷೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯನ್ನು ನೀವು ಹೈಸ್ಕೂಲಿನಿಂದ ಬರೆಯುತ್ತಲೇ ಬಂದಿದ್ದೀರಿ. ಯಾರು, ಯಾರಿಗೆ, ಯಾವಾಗ ಹೇಳಿದರು, ಅದರಲ್ಲಿ ಏನು ಸೊಗಸಿದೆ ಎಂದು ನಾಲ್ಕು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗುವ ಆ ಅಭ್ಯಾಸವನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ. ಆದರೆ ವಿಶ್ಲೇಷಣೆಯ ಬೀಜ ಇರುವುದು ಅಲ್ಲಿಯೇ. ಮೇಲಿನ ಮೂರು ಮಾತುಗಳ ಸಂದರ್ಭ ಮತ್ತು ಸ್ವಾರಸ್ಯವನ್ನು ಬಿಡಿಬಿಡಿಯಾಗಿ ಬರೆದ ಮೇಲೆ, ಮೂರರಲ್ಲಿಯೂ ಸಮಾನವಾಗಿರುವುದೇನು ಎಂದು ಕೇಳಿಕೊಳ್ಳಿ. ಮಗನಿಗೆ ಹೇಳಿದ್ದರಲ್ಲಿಯೂ ತಮ್ಮನಿಗೆ ಹೇಳಿದ್ದರಲ್ಲಿಯೂ ಕ್ರಮ ತಪ್ಪಿತು, ಚಿಕ್ಕವರು ಮುಂದೆ ಹೋದರು ಎಂಬ ಅಳಲಿದೆ. ಅಭಿಮನ್ಯುವೂ ಚಿಕ್ಕವನೇ. ತನ್ನ ಪೀಳಿಗೆಯ ಕಿರಿಯರೆಲ್ಲ ಮಣ್ಣಾದ ಮೇಲೆ ಉಳಿದ ಹಿರಿಯನೊಬ್ಬನ ನಾಚಿಕೆ ಇವುಗಳ ಹಿಂದೆ ಕೆಲಸ ಮಾಡುತ್ತಿದೆ ಎಂದು ನೀವು ವಾದಿಸಬಹುದು. ಕಾವ್ಯದ ವಸ್ತು ಅಥವಾ ಆಶಯ ಎಂದು ಪಠ್ಯಕ್ರಮದವರು ಕೇಳುವುದು ಹೀಗೆ ಪದ್ಯಗಳ ನಡುವಿನ ಹೋಲಿಕೆಯಿಂದ ಮೂಡಿಬರಬೇಕು. ‘ಈ ಕಾವ್ಯದ ಆಶಯ ಛಲ’ ಎಂದು ಗೈಡಿನಲ್ಲಿದ್ದ ವಾಕ್ಯವನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಹೊಂದುವ ಪದ್ಯ ಹುಡುಕಲು ಹೊರಟರೆ ಪದ್ಯ ಬಾಯಿ ಬಿಡುವುದಿಲ್ಲ.

ಛಲದ ಮಾತಿಗೇ ಬರೋಣ, ಏಕೆಂದರೆ ನೀವು ಅದನ್ನು ಬಿಟ್ಟು ಬರೆಯಲಾಗದು. ಪಂಪ 941ರ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ವೀರರನ್ನು ಒಬ್ಬೊಬ್ಬರಾಗಿ ಸ್ಮರಿಸುವಾಗ ‘ಛಲದೊಳ್ ದುರ್ಯೋಧನಂ’ ಎಂದು ಹೆಸರಿಸಿದ್ದ. ಅವನು ಎರಡು ಪದಗಳಲ್ಲಿ ಮುಗಿಸಿದ್ದನ್ನು ರನ್ನ ಒಂದು ಇಡೀ ಪಾತ್ರವಾಗಿ ಬೆಳೆಸಿದ. ಸಂಧಿ ಮಾಡಿಕೊ ಎಂದ ಭೀಷ್ಮನಿಗೆ ದುರ್ಯೋಧನ ಕೊಡುವ ಉತ್ತರ ಇದು:

ನೆಲಕಿಱಿವೆನೆಂದು ಬಗೆದಿರೆ
ಛಲಕಿಱಿವೆಂ ಪಾಂಡುಸುತರೊಳೀ ನೆಲನಿದು ಪಾೞ್
ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲದೊಡನೆ ಮತ್ತೆ ಪುದುವಾೞ್ದಪೆನೇ

ನೆಲಕ್ಕಾಗಿ ಹೋರಾಡುತ್ತೇನೆಂದು ತಿಳಿದಿರಾ, ಛಲಕ್ಕಾಗಿ ಹೋರಾಡುತ್ತೇನೆ. ಈ ನೆಲ ನನಗೆ ಪಾಳುನೆಲ. ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ನಾನು ಮತ್ತೆ ಕೂಡಿ ಬಾಳುತ್ತೇನೆಯೇ ಎಂಬುದು ತಾತ್ಪರ್ಯ. ಇಷ್ಟಕ್ಕೇ ನಿಲ್ಲಿಸಿ ‘ಇದು ಅವನ ಛಲಕ್ಕೆ ಸಾಕ್ಷಿ’ ಎಂದು ಬರೆದರೆ ಪದ್ಯದ ಅರ್ಧ ಭಾಗ ವ್ಯರ್ಥವಾಗುತ್ತದೆ. ಛಲ ಎಂದು ಅವನು ಹೆಸರಿಟ್ಟದ್ದರ ಒಳಗೆ ಏನಿದೆ ಎಂಬುದನ್ನು ಕೊನೆಯ ಎರಡು ಸಾಲುಗಳು ಹೇಳುತ್ತವೆ: ಅದು ಗೆಳೆಯನನ್ನು ಕಳೆದುಕೊಂಡ ಸಂಕಟ. ಸೂಜಿಯ ಮೊನೆಯಷ್ಟು ನೆಲವನ್ನೂ ಬಿಡೆನೆಂದವನಿಗೆ ಈಗ ನೆಲದ ಮೇಲೆಯೇ ಹೇಸಿಕೆ ಬಂದಿದೆ. ಜೊತೆಗೆ, ಕರ್ಣನನ್ನು ಕೊಲ್ಲಿಸಿದ್ದು ನೆಲ ಎನ್ನುತ್ತಾನೆ; ನಾನು ಎನ್ನುವುದಿಲ್ಲ. ಹೊಣೆಯನ್ನು ತನ್ನಿಂದ ಮಣ್ಣಿಗೆ ದಾಟಿಸುವ ಈ ಮಾತಿನಲ್ಲಿ ಅವನ ದೊಡ್ಡತನವೂ ಅವನ ಕುರುಡೂ ಒಟ್ಟಿಗೆ ಕಾಣುತ್ತವೆ. ನಾಯಕನೋ ಖಳನೋ ಎಂಬ ನಿಮ್ಮ ಪ್ರಶ್ನೆ ಇಲ್ಲಿ ಇನ್ನಷ್ಟು ಒಳ್ಳೆಯ ಪ್ರಶ್ನೆಯಾಗುತ್ತದೆ: ತನ್ನ ನಷ್ಟವನ್ನು ಇಷ್ಟು ಆಳವಾಗಿ ಅನುಭವಿಸಬಲ್ಲವನು ತನ್ನ ತಪ್ಪನ್ನು ಏಕೆ ಕಾಣಲಾರ?

ಕರ್ಣನ ಹೆಣದ ಮುಂದೆ ಅವನಾಡುವ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಿ. ‘ಆನಱಿವೆಂ ಪೃಥೆಯಱಿವಳ್’ ಎಂದು ಆರಂಭವಾಗುವ ಪದ್ಯದಲ್ಲಿ ಕರ್ಣನ ಹುಟ್ಟಿನ ಗುಟ್ಟನ್ನು ಬಲ್ಲವರ ಪಟ್ಟಿಯಿದೆ: ಕುಂತಿ, ಕೃಷ್ಣ, ಸೂರ್ಯ, ಸಹದೇವ. ಆ ಪಟ್ಟಿಯ ತಲೆಯಲ್ಲಿ ದುರ್ಯೋಧನ ತನ್ನನ್ನೇ ಇಟ್ಟುಕೊಂಡಿದ್ದಾನೆ. ಗೆಳೆಯ ಪಾಂಡವರ ಅಣ್ಣನೆಂದು ತಿಳಿದೂ ಅವನನ್ನು ಅವರ ಮೇಲೆಯೇ ಯುದ್ಧಕ್ಕೆ ಕಳಿಸಿದೆನೆಂದು ತನ್ನ ಬಾಯಿಂದಲೇ ಹೊರಬಿದ್ದಂತಾಯಿತಲ್ಲವೇ? ‘ನೀನುಳ್ಳೊಡುಂಟು ರಾಜ್ಯಂ’ ಎಂದು ಅದೇ ಕರ್ಣನಿಗಾಗಿ ಅವನು ಅಳುವುದೂ ನಿಜ. ಈ ಎರಡನ್ನೂ ಒಂದೇ ಪ್ಯಾರಾದಲ್ಲಿ ಬಿಡದೆ ಹಿಡಿದಿಡುವ ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನು ಓದುವುದೆಂದರೆ ನನಗೆ ನಿಜಕ್ಕೂ ಸಂತೋಷ.

ದುರ್ಯೋಧನ ನೀರಿನೊಳಗೆ ಅಡಗಿರುವ ವೈಶಂಪಾಯನ ಸರೋವರದ ಭಾಗದಲ್ಲಿ ಒಂದು ಎಚ್ಚರಿಕೆ ಸಾಕು. ಭೀಮನ ಗರ್ಜನೆ ಕೇಳಿ ದುರ್ಯೋಧನ ‘ನೀರೊಳಗಿರ್ದುಂ ಬೆಮರ್ತನ್’ (ನೀರಿನೊಳಗಿದ್ದೂ ಬೆವರಿದ) ಎಂಬ ಮಾತನ್ನು ಹೆಚ್ಚಿನವರು ಅಂಜಿಕೆಯೆಂದು ಬರೆಯುತ್ತಾರೆ. ಅದೇ ಪದ್ಯದಲ್ಲಿ ಅವನಿಗೆ ‘ಕೋಪಾರುಣನೇತ್ರಂ’ ಎಂಬ ವಿಶೇಷಣವಿದೆ. ಸಿಟ್ಟಿನಿಂದ ಕಣ್ಣು ಕೆಂಪೇರಿದವನ ಬೆವರು ಅದು. ಒಂದು ಸಾಲನ್ನು ಉದಾಹರಿಸುವ ಮೊದಲು ಇಡೀ ಪದ್ಯವನ್ನು ಓದಿಕೊಳ್ಳಬೇಕೆನ್ನುವುದು ಇದಕ್ಕೇ.

ಇನ್ನು ನಾಯಕನ ಪ್ರಶ್ನೆ. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ರನ್ನ ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯ ಇಱಿವಬೆಡಂಗನನ್ನು ಭೀಮನೊಂದಿಗೆ ಸಮೀಕರಿಸಿ ಬರೆದಿದ್ದಾನೆ. ಆದ್ದರಿಂದ ಕವಿಯ ಘೋಷಣೆಯಂತೆ ನಾಯಕ ಭೀಮನೇ, ಇದರಲ್ಲಿ ಚರ್ಚೆಯಿಲ್ಲ. ಆದರೆ ದುರ್ಯೋಧನನ ಪತನವನ್ನು ಹೇಳುವಾಗ ‘ಕುರುಕುಳಾರ್ಕನುಮರ್ಕನುಮಸ್ತಮೆಯ್ದಿದರ್’ ಎಂದು ಅವನನ್ನು ಸೂರ್ಯನ ಜೊತೆಗೆ ನಿಲ್ಲಿಸಿದವನೂ ಇದೇ ಕವಿ. ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳ ಓದಿನ ಹಿನ್ನೆಲೆಯಲ್ಲಿ ದುರ್ಯೋಧನನನ್ನು ದುರಂತನಾಯಕನಾಗಿ ಕಂಡು, ರನ್ನನ ಪದ್ಯಗಳನ್ನೇ ಜೋಡಿಸಿ ‘ಗದಾಯುದ್ಧ ನಾಟಕ’ವನ್ನು ರೂಪಿಸಿದರು. ಬಿಎಂಶ್ರೀ ಹೇಳಿದ್ದಾರೆ, ಆದ್ದರಿಂದ ಅವನು ದುರಂತನಾಯಕ ಎಂದು ಬರೆಯಬೇಡಿ. ಅವರ ನೋಟವನ್ನು ಒಂದು ವಾದವೆಂದು ತೆಗೆದುಕೊಂಡು, ನಿಮ್ಮ ಪದ್ಯಗಳ ಮುಂದೆ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ಪರೀಕ್ಷಿಸಿ. ದುರಂತನಾಯಕನಿಗೆ ಕೊನೆಯಲ್ಲಿ ತನ್ನ ತಪ್ಪಿನ ಅರಿವಾಗಬೇಕೆಂದು ನೀವು ಭಾವಿಸುವುದಾದರೆ, ‘ಕೊಲಿಸಿದ ನೆಲ’ದ ಮಾತು ನಿಮಗೆ ಅಡ್ಡ ಬರುತ್ತದೆ. ಆ ಅಡ್ಡಿಯನ್ನು ಮುಚ್ಚಿಡದೆ ಬರೆಯಿರಿ.

ನಾನು ಒತ್ತಿ ಹೇಳಬಯಸುವ ಇನ್ನೊಂದು ವಿಷಯವಿದೆ. ದುರ್ಯೋಧನನ ಮೇಲಿನ ಮರುಕದಲ್ಲಿ ದ್ರೌಪದಿ ಮರೆಯಾಗಬಾರದು. ಕಾವ್ಯದ ಮೊದಲ ಆಶ್ವಾಸದಲ್ಲಿಯೇ ಅವಳು ಭೀಮನೆದುರಿಗಿದ್ದಾಳೆ. ಕಟ್ಟದ ಮುಡಿ ಅವಳದು, ಅದನ್ನು ಕಟ್ಟಿಸುವ ಪ್ರತಿಜ್ಞೆ ಅವನದು. ದುರ್ಯೋಧನ ಒಂದೊಂದು ಹೆಣದ ಮುಂದೆಯೂ ನಿಂತು ಯಾರು ಯಾರನ್ನೋ ನೆನೆಯುತ್ತಾನೆ. ನಾನು ಮೇಲೆ ಎತ್ತಿಕೊಂಡ ಶೋಕದ ಮಾತುಗಳಲ್ಲಿ ಒಂದರಲ್ಲಿಯೂ, ದುಶ್ಶಾಸನನ ವಿನಯವನ್ನು ಹೊಗಳುವ ಪದ್ಯದಲ್ಲಿಯೂ, ಆ ತಮ್ಮನ ಕೈ ಯಾರ ಮುಡಿಯನ್ನು ಹಿಡಿದಿತ್ತು ಎಂಬ ನೆನಪಿಲ್ಲ. ನಿಮ್ಮ ಪ್ರಬಂಧದಲ್ಲಿ ಇದಕ್ಕೊಂದು ಪ್ಯಾರಾ ಮೀಸಲಿಡಿ. ದುಶ್ಶಾಸನನ ಪದ್ಯವನ್ನು ಚರ್ಚಿಸಿದ ಕೂಡಲೇ ಅದು ಬಂದರೆ ಎರಡಕ್ಕೂ ಬಲ ಬರುತ್ತದೆ. ಪದ್ಯಗಳನ್ನು ಮಾತ್ರ ಗೈಡಿನಿಂದ ನಕಲು ಮಾಡದೆ, ಮುದ್ರಿತ ಕಾವ್ಯದಿಂದಲೇ ಱ, ೞ ಸಹಿತವಾಗಿ ಬರೆದುಕೊಳ್ಳಿ, ಪ್ರತಿಯೊಂದರ ಪಕ್ಕದಲ್ಲಿಯೂ ಆಶ್ವಾಸ ಮತ್ತು ಪದ್ಯದ ಸಂಖ್ಯೆಯನ್ನು ಗುರುತಿಸಿಡಿ. ಕರಡು ಸಿದ್ಧವಾದ ಮೇಲೆ ಕಥೆ ಹೇಳುವ ವಾಕ್ಯಗಳಿಗೆಲ್ಲ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು, ಪದ್ಯದ ಸಂದರ್ಭ ತಿಳಿಯಲು ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ತೆಗೆದುಹಾಕಿ.