ನಂದಿ ರೈಡ್ ಮತ್ತು ಒಂಬತ್ತರ ದೋಸೆ

ಭಾನುವಾರ ಹೆಬ್ಬಾಳದಿಂದ ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿಬಂದು ಒಂಬತ್ತಕ್ಕೆ ಮನೆಯವರಿಗೆ ದೋಸೆ ಹುಯ್ಯಬಹುದಾ, ಹೊರಡೋ ಮುಂಚೆ ರಾಗಿ ಗಂಜಿ ಸರಿಯಾ ಅಂತ ಕೇಳಿದ್ದೀರಿ.

ನಂದಿಗೆ ಹೋದರೆ ಒಂಬತ್ತು ಅನ್ನೋದು ಸುಳ್ಳು ಭರವಸೆ, ಸರ್. ದಾರಿಯಲ್ಲಿ ದೇವನಹಳ್ಳಿಯಿಂದಲೇ ವಾಪಸ್ ತಿರುಗಿಬಿಡಿ, ನಂದಿ ತಿಂಗಳಿಗೊಮ್ಮೆ ಸಾಕು. ಗಂಜಿ ಬೇಡ, ನಾರು ಜಾಸ್ತಿ, ಏರಿನಲ್ಲಿ ಹೊಟ್ಟೆ ಹಿಡಿಯುತ್ತೆ. ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ, ಬೆಲ್ಲ. ದಾರಿಗೆ 750 ಎಂಎಲ್ ನೀರಿಗೆ 3 ದೊಡ್ಡ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು; ಗಂಟೆಗೊಂದು ಬಾಟಲಿ.

ಹಿಟ್ಟಿಗೆ ಅಕ್ಕಿ ಮೂರು ಪಾವು, ಉದ್ದು ಒಂದು, ಮೆಂತ್ಯ ಒಂದು ಚಮಚ. ಡಿಸೆಂಬರ್ ಚಳಿಗೆ ಬೆಳಗ್ಗೆ ಉಬ್ಬಿರಲ್ಲ, ಶನಿವಾರ ಸಂಜೆ ಐದಕ್ಕೇ ರುಬ್ಬಿ, ಬೆಚ್ಚಗಿರೋ ಮೂಲೆಯಲ್ಲಿಡಿ. ಚಟ್ನಿಗೆ ಒಗ್ಗರಣೆ ಮಾತ್ರ ಬಂದ ಮೇಲೆ.