ಗ್ಲಾಸಿನ ಮಾತು: ವೈನ್ ಪೀಪಾಯಿಯ ಎಳೆ ವಿಸ್ಕಿ

ಪ್ರಶ್ನೆ: ಮಗ ತೈವಾನಿನಿಂದ ಬರುವಾಗ ‘ಕವಲಾನ್ ಸೋಲಿಸ್ಟ್ ವಿನ್ಯೊ ಬಾರಿಕ್’ ಅನ್ನೋ ಸಿಂಗಲ್ ಮಾಲ್ಟ್ ವಿಸ್ಕಿ (ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿಯಿಂದ ಮಾಡಿದ್ದು) ತಂದಿದ್ದಾನೆ. ವೈನ್ ಪೀಪಾಯಿಯಲ್ಲಿ ಇಟ್ಟಿದ್ದಂತೆ. ಬಾಟಲಿಯ ಮೇಲೆ 12 ವರ್ಷ, 18 ವರ್ಷ ಅಂತ ಏನೂ ಬರೆದಿಲ್ಲ. ಎಳೆ ವಿಸ್ಕಿಗೆ ಅಷ್ಟು ದುಡ್ಡು ಸುರಿದು ಮೋಸ ಹೋದನಾ? ಇದನ್ನು ಕುಡಿಯೋದು ಹೇಗೆ?
– ನಿವೃತ್ತ ಎಂಜಿನಿಯರ್, ಹಾಸನ

ಉತ್ತರ: ಮಗನನ್ನು ಬಯ್ಯಬೇಡಿ, ಒಳ್ಳೆಯದನ್ನೇ ತಂದಿದ್ದಾನೆ. ಎಳೆಯದು ಅನ್ನೋದು ಮಾತ್ರ ನಿಜ. ಎಷ್ಟು ಎಳೆಯದು ಅಂತ ನೀವೇ ಲೆಕ್ಕ ಹಾಕಬಹುದು. ಲೇಬಲ್ ಮೇಲೆ ಪೀಪಾಯಿಯ ನಂಬರ್ ಇದೆ. ಮೊದಲ ಅಕ್ಷರ ಬಿಟ್ಟು ಮುಂದಿನ ಆರು ಅಂಕಿ ನೋಡಿ. 120614 ಅಂತಿದ್ದರೆ 2012ರ ಜೂನ್ 14ಕ್ಕೆ ಪೀಪಾಯಿ ತುಂಬಿದ್ದು. ಬಾಟಲಿ ತುಂಬಿದ ದಿನಾಂಕವೂ ಅಲ್ಲೇ ಎಲ್ಲೋ ಇರುತ್ತದೆ, ಹುಡುಕಿ ಕಳೆಯಿರಿ. ಐದೋ ಆರೋ ವರ್ಷ ಬಂದರೆ ಗಾಬರಿ ಬೇಡ. ಕವಲಾನ್ ಡಿಸ್ಟಿಲರಿಯಲ್ಲಿ ಮೊದಲ ಸ್ಪಿರಿಟ್ ಇಳಿದದ್ದೇ 2006ರಲ್ಲಿ. 2015ರಲ್ಲಿ ಇದೇ ವಿನ್ಯೊ ಬಾರಿಕ್‌ಗೆ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಪಟ್ಟ ಸಿಕ್ಕಿತು. ಆಗ ಅದಕ್ಕೆ ಹತ್ತು ತುಂಬಿರಲು ಹೇಗೆ ಸಾಧ್ಯ?

ಇಷ್ಟು ಬೇಗ ಮಾಗಲು ಕಾರಣ ಸೆಕೆ. ಸ್ಕಾಟ್ಲೆಂಡಿನ ಗೋದಾಮಿನಲ್ಲಿ ಪೀಪಾಯಿಯ ವಿಸ್ಕಿ ವರ್ಷಕ್ಕೆ ಶೇ 2ರಷ್ಟು ಆವಿಯಾಗುತ್ತದೆ, ಇದಕ್ಕೆ ‘ಏಂಜಲ್ಸ್ ಶೇರ್’ (ದೇವತೆಗಳ ಪಾಲು) ಅಂತಾರೆ. ತೈವಾನಿನ ಯಿಲಾನ್‌ನಲ್ಲಿ ಶೇ 10ರ ಆಸುಪಾಸು. ಮರದಿಂದ ರುಚಿ ಇಳಿಯುವುದೂ ಅಷ್ಟೇ ಜೋರು. ಅಲ್ಲಿ 18 ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ತಳದಲ್ಲಿ ಒಂದಿಷ್ಟು ಮರದ ಕಷಾಯ.

ಇನ್ನು ವೈನ್. ವೈನ್ ಕುಡಿದ ಮರವನ್ನು ಹಾಗೇ ಬಳಸಿದರೆ ಕೆಲವೊಮ್ಮೆ ಹುಳಿ, ಗಂಧಕದ ವಾಸನೆ ಬರುತ್ತದೆ. ಕವಲಾನ್‌ಗೆ ಸಲಹೆಗಾರರಾಗಿದ್ದ ಜಿಮ್ ಸ್ವಾನ್ ಅದಕ್ಕೊಂದು ದಾರಿ ತೋರಿಸಿದರು. ಒಳಮೈಯನ್ನು ಹೆರೆದು, ಹದವಾಗಿ ಕಾಯಿಸಿ, ಆಮೇಲೆ ಮತ್ತೆ ಕರಿಯಾಗುವಂತೆ ಸುಡುವುದು. ವೈನ್‌ನ ನೆರಳು ಉಳಿಯುತ್ತದೆ, ಹುಳಿ ಹೋಗುತ್ತದೆ. ಹೊಸದಾಗಿ ಸುಟ್ಟ ಓಕ್ ಮರ ವೆನಿಲ್ಲಾ, ಕ್ಯಾರಮೆಲ್ ರುಚಿ ಕೊಡುತ್ತದೆ. ಐದಾರು ವರ್ಷಕ್ಕೇ ಆ ಕಡು ಬಣ್ಣ ಬರುವುದೂ ಇದರಿಂದಲೇ.

ಈಗ ಗ್ಲಾಸಿಗೆ ಬರೋಣ. ಬಾಯಿ ಕಿರಿದಾದ ಗ್ಲಾಸ್ ಇರಲಿ, 20 ಮಿಲಿ ಸಾಕು. ಐಸ್ ಬೇಡ, ಸೋಡಾ ಅಂತೂ ಬೇಡವೇ ಬೇಡ. ಇದು ಶೇ 55ರ ಆಸುಪಾಸು ಆಲ್ಕೋಹಾಲ್ ಇರುವ ಸರಕು, ಮೂಗು ಒಳಗೆ ತೂರಿಸಿದರೆ ಸುಡುತ್ತದೆ. ಬಾಯಿ ಸ್ವಲ್ಪ ತೆರೆದು, ಗ್ಲಾಸಿನ ಅಂಚಿನಲ್ಲಿ ಮೂಸಿ. ಲ್ಯಾಬಿನಲ್ಲಿ ನಾನು ಸ್ಯಾಂಪಲ್ ಮೂಸುತ್ತಿದ್ದಾಗ ಎಳಸುತನ ಹಿಡಿಯುತ್ತಿದ್ದುದು ಮೂರು ವಾಸನೆಯಿಂದ: ಹಸಿ ಹಿಟ್ಟು, ನೆನೆದ ಕಾಳು, ನೇಲ್ ಪಾಲಿಶ್ ರಿಮೂವರ್. ಇದರಲ್ಲಿ ಅವು ನನಗೆ ಸಿಕ್ಕಿಲ್ಲ. ಒಣದ್ರಾಕ್ಷಿ, ಮಾಗಿದ ಮಾವು, ಕಹಿ ಚಾಕೊಲೇಟ್, ಹಿಂದೆಯೇ ಕಾಳುಮೆಣಸು ಸಿಕ್ಕಿತು. ಒಂದು ಗುಟುಕು ಆದಮೇಲೆ ನೀರು ಹಾಕಿ, ಚಮಚದಲ್ಲಿ ನಾಲ್ಕೈದು ಹನಿ. ಹಣ್ಣು ಮುಂದೆ ಬರುತ್ತದೆ. ಕೊನೆಗೆ ನಾಲಿಗೆ ಹಸಿ ಅಡಿಕೆ ಜಗಿದ ಹಾಗೆ ಒಗರಾಗುತ್ತದಲ್ಲ, ಅದು ಓಕ್‌ನ ಟ್ಯಾನಿನ್.

ನನ್ನ ತಕರಾರು ಇಲ್ಲೇ ಇರೋದು. ಮೊದಲ ಪೆಗ್ ಅದ್ಭುತ. ಎರಡನೆಯದರಲ್ಲಿ ಮರದ ಸದ್ದೇ ಜಾಸ್ತಿ, ಬಾರ್ಲಿ ಎಲ್ಲಿ ಅಂತ ಹುಡುಕಬೇಕು. ಅಷ್ಟಕ್ಕೇ ನಿಲ್ಲಿಸಿ, ಬಾಟಲಿಯೂ ಬಾಳುತ್ತದೆ. ಇದು ಒಂದೇ ಪೀಪಾಯಿಯ ಸರಕು ಬೇರೆ. ಇನ್ನೊಬ್ಬರ ಬಾಟಲಿ ನಿಮ್ಮದರಂತೆಯೇ ಇರಬೇಕೆಂದಿಲ್ಲ.

ಪ್ರಶ್ನೆ: ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಇಂಥದ್ದು ಇಲ್ವಾ?
– ಓದುಗ, ತುಮಕೂರು

ಉತ್ತರ: ಇದೆ. ಪೋರ್ಟ್, ಶೆರಿ ಎರಡೂ ವೈನೇ ಅಲ್ವಾ, ಸ್ಪಿರಿಟ್ ಸೇರಿಸಿ ಗಟ್ಟಿ ಮಾಡಿದ್ದು ಅಷ್ಟೇ. ‘ಅಮೃತ್ ಪೋರ್ಟೊನೋವಾ’ ಮೊದಲು ಹೊಸ ಓಕ್ ಮತ್ತು ಬರ್ಬನ್ (ಅಮೆರಿಕದ ವಿಸ್ಕಿ) ಇಟ್ಟಿದ್ದ ಪೀಪಾಯಿಯಲ್ಲಿ ಇರುತ್ತದೆ, ನಡುವೆ ಪೋರ್ಟ್ ಪೀಪಾಯಿಗೆ ಹೋಗಿ ಮತ್ತೆ ಬರ್ಬನ್ನಿಗೆ ಮರಳುತ್ತದೆ. ‘ಇಂಟರ್‌ಮೀಡಿಯೇಟ್ ಶೆರಿ’ಯಲ್ಲಿ ಆ ನಡುವಿನ ಜಾಗ ಶೆರಿಯದ್ದು. ವೈನ್ ಪೀಪಾಯಿಗೇ ಕೊನೆಯ ಮಾತು ಬಿಡದ ಈ ಕ್ರಮ ನನಗೆ ಹೆಚ್ಚು ಇಷ್ಟ, ಧಾನ್ಯದ ರುಚಿ ಮುಳುಗುವುದಿಲ್ಲ. ಊರಿನ ಅಭಿಮಾನ ಅಂತ ಬೇಕಾದರೂ ಅನ್ನಿ! ಬೆಂಗಳೂರು ತಂಪು ಊರು ಅಂದುಕೊಂಡರೂ ಇಲ್ಲಿಯೂ ಆವಿ ಶೇ 10 ದಾಟುತ್ತದೆ. 2013ರಲ್ಲಿ ಅವರು 8 ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ (ದುರಾಸೆಯ ದೇವತೆಗಳು) ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಪ್ರಶ್ನೆ: ಮಾಮೂಲಿ ವಿಸ್ಕಿಗೆ ಒಂದು ಚಮಚ ರೆಡ್ ವೈನ್ ಬೆರೆಸಿದರೆ ಅದೇ ರುಚಿ ಬರುತ್ತಾ?
– ಓದುಗ, ಶಿವಮೊಗ್ಗ

ಉತ್ತರ: ಬರೋದಿಲ್ಲ. ಹುಳಿ ಬರುತ್ತದೆ. ಆ ರುಚಿಯಲ್ಲಿ ವೈನ್‌ಗಿಂತ ಸುಟ್ಟ ಓಕ್‌ನ ಪಾಲು ದೊಡ್ಡದು, ಅದನ್ನು ಚಮಚದಲ್ಲಿ ಹಾಕೋಕೆ ಆಗಲ್ಲ. ವೈನನ್ನು ಊಟಕ್ಕೆ ಬೇರೆಯಾಗಿ ಕುಡಿಯಿರಿ.